ಕುಸ್ತಿಯಲ್ಲಿ ತಡೆಯುವ ವಿದ್ಯೆ: ಮಣ್ಣಿನ ಕಣದಿಂದ ಮ್ಯಾಟಿನವರೆಗೆ

ಎದುರಾಳಿಯ ಪಟ್ಟಿಗೆ ಸಿಲುಕದೆ ಉಳಿಯುವ, ಸಿಲುಕಿದರೆ ಬಿಡಿಸಿಕೊಳ್ಳುವ, ಕೆಳಗೆ ಬಿದ್ದ ಮೇಲೂ ಬೆನ್ನು ಮಣ್ಣಿಗೆ ತಾಗದಂತೆ ಕಾಯ್ದುಕೊಳ್ಳುವ ಕೌಶಲವೇ ಕುಸ್ತಿಯ ರಕ್ಷಣಾ ವಿದ್ಯೆ. ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಜಾತ್ರೆಯ ಕುಸ್ತಿಗೆ ನೆರೆಯುವ ಜನಸಮೂಹದ ಚಪ್ಪಾಳೆ ಎತ್ತಿ ಒಗೆದವನಿಗೆ ಸಲ್ಲುತ್ತದೆ. ಅನುಭವಸ್ಥ ಉಸ್ತಾದರ ಗಮನ ಮಾತ್ರ ಒಗೆಸಿಕೊಳ್ಳದೆ ನಿಂತವನ ಸೊಂಟ ಮತ್ತು ಹಿಮ್ಮಡಿಯ ಮೇಲಿರುತ್ತದೆ. ಈ ವಿದ್ಯೆಗೆ ಮಣ್ಣಿನ ಕಣದಲ್ಲಿರುವ ಬೆಲೆ ಮ್ಯಾಟಿನ ಮೇಲೆ ಇಲ್ಲದಿರುವುದರಿಂದ, ಹಳ್ಳಿಯ ಗರಡಿಯಲ್ಲಿ ಪಳಗಿದ ಹುಡುಗರು ರಾಜ್ಯ ಮಟ್ಟದ ಸ್ಪರ್ಧೆಗಳಿಗೆ ಹೋದಾಗ ತೊಡಕಿಗೆ ಒಳಗಾಗುವುದುಂಟು. ಅದರ ಕಾರಣವನ್ನು ತಿಳಿಯಬೇಕಾದರೆ ಮೊದಲು ಗರಡಿಯ ಕ್ರಮವನ್ನು ನೋಡಬೇಕು.

ನವಲಗುಂದ, ಅಣ್ಣಿಗೇರಿ ಭಾಗದ ನೆಲ ಬಹುಮಟ್ಟಿಗೆ ಎರೆಭೂಮಿ. ಹಸಿಯಾದರೆ ಕಾಲಿಗೆ ಮೆತ್ತಿಕೊಳ್ಳುವ, ಒಣಗಿದರೆ ಬಿರುಕುಬಿಟ್ಟು ಕಲ್ಲಿನಂತಾಗುವ ಈ ಮಣ್ಣು ಹತ್ತಿ, ಕಡಲೆ, ಜೋಳಕ್ಕೆ ಒಳ್ಳೆಯದಾದರೂ ಗರಡಿಗೆ ಸಲ್ಲದು. ಕಣಕ್ಕೆ ಬೇಕಾದುದು ಮಸಾರಿ ಮಣ್ಣು. ಮಲೆನಾಡಿನ ಸೆರಗಿನಲ್ಲಿರುವ ಕಲಘಟಗಿಯ ಕಡೆ ಕೆಮ್ಮಣ್ಣು ಕೈಗೆಟಕುವಷ್ಟು ಸುಲಭವಾಗಿ ಎರೆಸೀಮೆಯ ಊರುಗಳಿಗೆ ಅದು ದೊರೆಯುವುದಿಲ್ಲ. ಮಣ್ಣನ್ನು ಜರಡಿ ಹಿಡಿದು, ಮಜ್ಜಿಗೆ, ಎಣ್ಣೆ, ಅರಿಸಿನ, ನಿಂಬೆರಸ ಬೆರೆಸಿ ಹದಗೊಳಿಸುವುದು ವಾಡಿಕೆ. ಮೆತ್ತನೆಯ ಈ ಮಣ್ಣು ಬಿದ್ದವನ ಪೆಟ್ಟನ್ನು ತಗ್ಗಿಸುತ್ತದೆ. ಬೆವರಿದ ಮೈಗೆ ಮಣ್ಣು ಎರಚಿಕೊಂಡರೆ ಹಿಡಿತ ಜಾರುವುದೂ ಕಡಿಮೆಯಾಗುತ್ತದೆ.

ಮಲ್ಲವಿದ್ಯೆಯ ಶಾಸ್ತ್ರೀಯ ದಾಖಲೆ ಈ ನಾಡಿಗೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮಲ್ಲವಿನೋದ’ ಎಂಬ ಭಾಗವೇ ಇದೆ. ಮಲ್ಲರನ್ನು ವಯಸ್ಸು ಹಾಗೂ ಬಲಕ್ಕೆ ತಕ್ಕಂತೆ ವಿಂಗಡಿಸುವ ಬಗೆ, ಅವರ ಆಹಾರ, ವ್ಯಾಯಾಮಗಳ ವಿವರ ಅಲ್ಲಿ ದೊರೆಯುತ್ತವೆ. ಅದೇ ವಂಶದ ನಾಲ್ಕನೆಯ ಸೋಮೇಶ್ವರನು ಅದೇ ಶತಮಾನದ ಕೊನೆಯ ಭಾಗದಲ್ಲಿ ಅಣ್ಣಿಗೇರಿಯನ್ನು ರಾಜಧಾನಿ ಮಾಡಿಕೊಂಡಿದ್ದನೆಂಬುದು ಇಲ್ಲಿ ಉಲ್ಲೇಖಾರ್ಹ.

ನಿಲುವು ಮತ್ತು ಸ್ಪರ್ಶ

ರಕ್ಷಣೆ ಆರಂಭವಾಗುವುದು ನಿಲ್ಲುವ ರೀತಿಯಿಂದ. ಮೊಣಕಾಲು ತುಸು ಬಾಗಿ, ಸೊಂಟ ಹಿಂದಕ್ಕೆ ಸರಿದು, ಮೊಣಕೈಗಳು ಪಕ್ಕೆಗೆ ಅಂಟಿಕೊಂಡಿರಬೇಕು. ಮೊಣಕೈ ಮತ್ತು ಪಕ್ಕೆಯ ನಡುವೆ ತೆರವು ಕಂಡರೆ ಎದುರಾಳಿಯ ಕೈ ಅಲ್ಲಿಯೇ ನುಸುಳುತ್ತದೆ. ಮುಷ್ಟಿಯುದ್ಧದಲ್ಲಿ ಹೊಡೆತವನ್ನು ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಕಣ್ಣಿನ ಕೆಲಸ. ಕುಸ್ತಿಯಲ್ಲಾದರೋ ಮೈಗೆ ಮೈ ತಾಗಿರುವುದರಿಂದ ಎದುರಾಳಿಯ ಭಾರ ಯಾವ ಕಾಲಿನ ಮೇಲೆ ಬಿತ್ತು ಎಂಬುದನ್ನು ಮಣಿಕಟ್ಟು, ಭುಜಗಳ ಸ್ಪರ್ಶದಿಂದಲೇ ಅರಿಯಬೇಕಾಗುತ್ತದೆ. ಇವೆರಡರ ನಡುವಿನದು ಮೈಸೂರಿನ ವಜ್ರಮುಷ್ಟಿ. ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ನಡೆಯುವ ಈ ಜಟ್ಟಿ ಕಾಳಗವು ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಮುಗಿಯುವುದರಿಂದ, ಅಲ್ಲಿ ತಡೆಯುವುದಕ್ಕೆ ದೊರೆಯುವ ಕಾಲಾವಕಾಶವೇ ಅತ್ಯಲ್ಪ.

ಪ್ರತಿಯೊಂದು ಪಟ್ಟಿಗೂ ಒಂದು ಮರುಪಟ್ಟು ಇದೆ. ಗರಡಿಯಲ್ಲಿ ಅದನ್ನು ‘ತೋಡ್’ ಎನ್ನುವುದೂ ಉಂಟು. ಧೋಬಿ ಪಟ್ಟಿನಲ್ಲಿ ಎದುರಾಳಿ ತೋಳನ್ನು ಸೆಳೆದು, ಬೆನ್ನು ತಿರುಗಿಸಿ, ಅಗಸನು ಬಟ್ಟೆ ಒಗೆಯುವಂತೆ ಹೆಗಲ ಮೇಲಿಂದ ಎಸೆಯುತ್ತಾನೆ. ಅವನು ಪೂರ್ತಿ ತಿರುಗುವ ಮುನ್ನವೇ ಸೊಂಟವನ್ನು ಅವನ ಸೊಂಟಕ್ಕಿಂತ ಕೆಳಗೆ ಇಳಿಸಿ, ಬಿಡುವಾದ ಕೈಯನ್ನು ಅವನ ಸೊಂಟಕ್ಕೆ ಊರಿ ತಡೆಯಬೇಕು. ಅರೆಕ್ಷಣ ತಡವಾದರೂ ಕಾಲು ನೆಲ ಬಿಡುತ್ತದೆ. ಕತ್ತನ್ನು ಬಾಚಿ ಸೊಂಟದ ಮೇಲಿಂದ ಕೆಡವುವ ಢಾಕ್ ಪಟ್ಟಿಗೆ ತಲೆ ಎತ್ತಿ, ಬೆನ್ನು ನೆಟ್ಟಗೆ ಮಾಡಿ, ಎದುರಾಳಿಯ ನಡುವನ್ನು ಹಿಂದಿನಿಂದ ತಬ್ಬುವುದು ಉತ್ತರ. ಕಾಲಿಗೆ ನುಗ್ಗಿದವನ ಮುಂದೆ ಎರಡೂ ಕಾಲುಗಳನ್ನು ಹಿಂದಕ್ಕೆ ಚಾಚಿ, ಎದೆಯ ಭಾರವನ್ನೆಲ್ಲ ಅವನ ಹೆಗಲ ಮೇಲೆ ಹೇರಬೇಕು. ಇವುಗಳನ್ನು ಬಾಯಿಂದ ಹೇಳಿ ಕಲಿಸಲಾಗದು. ದಿನವೂ ಜೋಡಿಯೊಡನೆ ಜೋರ್ ಮಾಡುವಾಗ ನೂರಾರು ಸಲ ಬಿದ್ದೇ ಕಲಿಯಬೇಕು.

ಕೆಳಗೆ ಬಿದ್ದವನ ಕಲೆ

ಮಣ್ಣಿನ ಕುಸ್ತಿಯ ನಿಜವಾದ ರಕ್ಷಣೆ ಇರುವುದು ಇಲ್ಲಿಯೇ. ಈ ಕಣದಲ್ಲಿ ಅಂಕಗಳ ಲೆಕ್ಕವಿಲ್ಲ. ಬೆನ್ನು ಮಣ್ಣಿಗೆ ತಾಗಿ ಚಿತ್ ಆದರೆ ಮಾತ್ರ ಸೋಲು. ಹತ್ತು ಸಲ ಮೊಣಕಾಲೂರಿದವನೂ ಹನ್ನೊಂದನೆಯ ಸಲ ಮೇಲೆದ್ದು ಗೆಲ್ಲಬಹುದು. ಆದಕಾರಣ ತನಗಿಂತ ಬಲಿಷ್ಠನು ಎದುರಾದಾಗ ಮಂಡಿಯೂರಿ, ಕಾಲುಗಳನ್ನು ಅಗಲಿಸಿ, ಗದ್ದವನ್ನು ಎದೆಗೊತ್ತಿ, ಮೊಣಕೈಗಳನ್ನು ಒಳಕ್ಕೆಳೆದುಕೊಂಡು ಕೂರುವುದು ಇಲ್ಲಿ ಹೇಡಿತನವೆನಿಸದು. ಮೇಲಿನವನು ಚಡ್ಡಿಯ ಅಂಚು ಹಿಡಿದು ಎತ್ತಲು, ಕಾಲು ಹೆಣೆದು ಸವಾರಿ ಮಾಡಲು ದಣಿಯುತ್ತಾನೆ. ಕೆಳಗಿನವನು ಉಸಿರು ಉಳಿಸಿಕೊಳ್ಳುತ್ತಾನೆ. ತೀರ್ಮಾನ ಕಾಣದಿದ್ದರೆ ಪಂಚರು ಇಬ್ಬರ ಕೈಯನ್ನೂ ಎತ್ತಿ ಸಮಬಲವೆಂದು ಸಾರುವುದುಂಟು. ಪ್ರಸಿದ್ಧ ಪೈಲ್ವಾನನೊಡನೆ ಸಮಬಲ ಸಾಧಿಸಿದ ಹಳ್ಳಿಯ ಹುಡುಗನಿಗೆ ಮುಂದಿನ ಜಾತ್ರೆಯಲ್ಲಿ ದೊಡ್ಡ ಜೋಡಿ ದೊರೆಯುತ್ತದೆ. ಹಾಗಾಗಿ ತಡೆಯುವುದರಲ್ಲಿ ಗಳಿಕೆಯೂ ಇದೆ.

ಈ ತಂತ್ರದ ಜಗತ್ಪ್ರಸಿದ್ಧ ನಿದರ್ಶನ ಭಾರತೀಯ ಮಲ್ಲನ ವಿರುದ್ಧವೇ ನಡೆದುದು ಒಂದು ವಿಪರ್ಯಾಸ. 1910ರ ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ಗಾಮಾ ಪೈಲ್ವಾನ್ ಮತ್ತು ಪೋಲೆಂಡಿನ ಸ್ಟಾನಿಸ್ಲಾಸ್ ಜಿಬಿಸ್ಕೊ ಸೆಣಸಿದರು. ಆರಂಭದಲ್ಲಿಯೇ ಕೆಳಗೆ ಬಿದ್ದ ಜಿಬಿಸ್ಕೊ ಮ್ಯಾಟಿಗೆ ಅಂಟಿಕೊಂಡೇ ಎರಡೂವರೆ ಗಂಟೆಗೂ ಹೆಚ್ಚು ಕಾಲ ಕಳೆದನು. ಅಷ್ಟು ಹೊತ್ತು ಹೆಣಗಿದರೂ ಗಾಮಾನಿಗೆ ಅವನನ್ನು ಮಗುಚಲಾಗಲಿಲ್ಲ. ಪಂದ್ಯ ಸಮಬಲವಾಯಿತು. ಮುಂದಿನ ವಾರದ ಮರುಪಂದ್ಯಕ್ಕೆ ಜಿಬಿಸ್ಕೊ ಬಾರದೆ ಗಾಮಾ ವಿಜಯಿಯೆನಿಸಿದನು. 1928ರಲ್ಲಿ ಪಟಿಯಾಲದಲ್ಲಿ ಇಬ್ಬರೂ ಮತ್ತೆ ಎದುರಾದಾಗ ಗಾಮಾ ಒಂದು ನಿಮಿಷದೊಳಗೆ ಗೆದ್ದನು. ಈ ಸಲ ಕೆಳಗೆ ಕುಳಿತುಕೊಳ್ಳಲು ಜಿಬಿಸ್ಕೊಗೆ ಅವಕಾಶವೇ ಸಿಗಲಿಲ್ಲ.

ಇಂದಿನ ಅಂತರರಾಷ್ಟ್ರೀಯ ನಿಯಮಗಳಲ್ಲಿ ಜಿಬಿಸ್ಕೊನ ಉಪಾಯ ನಡೆಯದು. ಪಂದ್ಯಕ್ಕೆ ಮೂರು ನಿಮಿಷಗಳ ಎರಡು ಅವಧಿ. ಕೆಡವಿದವನಿಗೆ 2 ಅಂಕ, ಬೆನ್ನನ್ನು ಮ್ಯಾಟಿನ ಕಡೆ ತಿರುಗಿಸಿದರೆ ಮತ್ತೆ 2 ಅಂಕ, ಗೆರೆಯಾಚೆ ಕಾಲಿಟ್ಟರೆ ಎದುರಾಳಿಗೆ 1 ಅಂಕ. ಫ್ರೀಸ್ಟೈಲ್‌ನಲ್ಲಿ 10, ಗ್ರೀಕೋ ರೋಮನ್‌ನಲ್ಲಿ 8 ಅಂಕಗಳ ಅಂತರವಾದರೆ ಪಂದ್ಯವೇ ಮುಗಿಯುತ್ತದೆ. ಸೆಣಸದೆ ಕಾಲ ಕಳೆದರೆ ಎಚ್ಚರಿಕೆ, ದಂಡ. ಮಣ್ಣಿನಲ್ಲಿ ಕತ್ತಿನ ಮೇಲೆ ಸೇತುವೆಯಂತೆ ಬಾಗಿ ಬೆನ್ನುಳಿಸಿಕೊಂಡವನು ಇನ್ನೂ ಸೋತಿಲ್ಲ. ಮ್ಯಾಟಿನ ಮೇಲೆ ಹಾಗೆ ಬಾಗಿದಾಗಲೇ ಅಂಕ ಹೋಗಿರುತ್ತದೆ. ಧಾರವಾಡಕ್ಕೆ ಸಮೀಪದ ಹಳಿಯಾಳ, ಗದಗಗಳ ಕ್ರೀಡಾ ವಸತಿ ನಿಲಯಗಳಲ್ಲಿ ತರಬೇತಿಗೆ ಸೇರುವ ಗ್ರಾಮೀಣ ಹುಡುಗನು ಮೊದಲು ಮರೆಯಬೇಕಾದುದು ಕೆಳಗೆ ಕೂರುವ ಅಭ್ಯಾಸವನ್ನೇ. ನಿಂತು ತಡೆಯುವ ವಿದ್ಯೆ ಮಾತ್ರ ಎಲ್ಲಿಯೂ ವ್ಯರ್ಥವಾಗದು. ಕಾಲಿಗೆ ನುಗ್ಗಿದವನನ್ನು ಭಾರ ಹೇರಿ ತಡೆದು ಹಿಂದೆ ಸುತ್ತಿ ಹಿಡಿದರೆ ಆ 2 ಅಂಕ ತಡೆದವನಿಗೇ ಸಲ್ಲುತ್ತದೆ.

ಮುನ್ನಡೆಯನ್ನು ಕಾಯುವುದು ಇನ್ನೂ ಕಠಿಣ. 2020ರ ಫೆಬ್ರುವರಿಯಲ್ಲಿ, ಧಾರವಾಡದಲ್ಲಿ ಕರ್ನಾಟಕ ಕುಸ್ತಿ ಹಬ್ಬ ನಡೆದ ತಿಂಗಳಲ್ಲೇ, ಬಾಗಲಕೋಟೆ ಜಿಲ್ಲೆಯ ಅರ್ಜುನ ಹಲಕುರ್ಕಿ ದೆಹಲಿಯ ಏಷ್ಯನ್ ಚಾಂಪಿಯನ್‌ಷಿಪ್‌ನ ಗ್ರೀಕೋ ರೋಮನ್ 55 ಕೆ.ಜಿ. ವಿಭಾಗದ ಉಪಾಂತ್ಯದಲ್ಲಿ ಇರಾನಿನ ಮಲ್ಲನ ಎದುರು 7-1ರಿಂದ ಮುಂದಿದ್ದರು. ಕೊನೆಗೆ 7-8ರಿಂದ ಸೋತರು. ಬಳಿಕ ಅವರು ಕಂಚಿನ ಪದಕ ಗೆದ್ದರಾದರೂ, ಆ ಪಂದ್ಯ ಕೈತಪ್ಪಿದುದು ದಾಳಿಯ ಕೊರತೆಯಿಂದಲ್ಲ ಎಂಬುದು ಗಮನಾರ್ಹ.

ಗರಡಿಯ ರಕ್ಷಣಾ ಪಾಠಕ್ಕೆ ಗೆಲುವಿನಾಚೆಯ ಪ್ರಯೋಜನವೂ ಇದೆ. ಬೀಳುವಾಗ ಕೈಯನ್ನು ನೆಟ್ಟಗೆ ಚಾಚಿ ನೆಲಕ್ಕೆ ಊರುವುದು ಮನುಷ್ಯನ ಸಹಜ ಪ್ರವೃತ್ತಿ. ಮೊಣಕೈ ಕಳಚುವುದು, ಮಣಿಕಟ್ಟು ಮುರಿಯುವುದು ಆಗಲೇ. ಒಕ್ಕಲುತನದ ಮನೆಯ ಹುಡುಗನ ಕೈ ಬಿತ್ತಿಗೆಯ ಕಾಲದಲ್ಲಿ ಮುರಿದರೆ ಆ ಮನೆಗೆ ಹಂಗಾಮು ಪೂರ್ತಿ ಒಂದು ಆಳು ಕಡಿಮೆ. ಆದ್ದರಿಂದ ಗದ್ದವನ್ನು ಎದೆಗೆ ಒತ್ತಿ, ಕೈಯನ್ನು ಮಡಿಸಿ, ಹೆಗಲ ಹಿಂಬದಿಯಿಂದ ಉರುಳುವುದನ್ನು ಬಲ್ಲ ಉಸ್ತಾದರು ಪಟ್ಟುಗಳಿಗಿಂತ ಮೊದಲೇ ಕಲಿಸುತ್ತಾರೆ. ಕತ್ತಿನ ಸೇತುವೆಯನ್ನು ಎಳೆಯರಿಗೆ ಆರಂಭದಲ್ಲಿ ಎರಡೂ ಅಂಗೈ ನೆಲಕ್ಕೂರಿಸಿ, ಭಾರವನ್ನು ಹಂಚಿಯೇ ಮಾಡಿಸಬೇಕು. ಕತ್ತು ಬಲಿಯುವ ಮುನ್ನ ಇನ್ನೊಬ್ಬನನ್ನು ಎದೆಯ ಮೇಲೆ ಕೂರಿಸಿ ಮಾಡಿಸುವುದು ಅಪಾಯಕರ.