ಮುಂಗಾರಿನ ಗಾಳಿಪಟ

ಗಾಳಿಪಟವೆಂದರೆ ಸಂಕ್ರಾಂತಿಯ ಆಟವೆಂಬುದು ಗುಜರಾತಿಗೆ ಸಲ್ಲುವ ಮಾತು. ಬಬಲೇಶ್ವರವಿರುವ ವಿಜಯಪುರ ಸೀಮೆಯಲ್ಲಿ ಅದು ಕಾರಹುಣ್ಣಿಮೆಯ ಸುತ್ತಿನದು, ಎಂದರೆ ಮುಂಗಾರಿನದು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಸಹ್ಯಾದ್ರಿಯ ಮಳೆನೆರಳಿನ ಈ ಬಯಲಿಗೆ ಜೂನ್-ಜುಲೈಗಳಲ್ಲಿ ಪಡುವಣ ಗಾಳಿ ಬೀಸುವಷ್ಟು ಮಳೆ ಸುರಿಯದು. ದೊಡ್ಡ ಮಳೆ ಸೆಪ್ಟೆಂಬರಿನದು. ಒಕ್ಕಲಿಗನು ಮುಗಿಲು ನೋಡಿ ನಿಟ್ಟುಸಿರಿಡುವ ದಿನಗಳೇ ಹುಡುಗರ ಪಟಕ್ಕೆ ಸುಗ್ಗಿ!

ಆದರೆ ಹನಿ ಬಿದ್ದೊಡನೆ ದಾರವನ್ನು ಸುತ್ತಿಕೊಳ್ಳುವುದು ಲೇಸು. 1752ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಪ್ರಕಟಿಸಿದ ಬರಹದಲ್ಲಿ, ಗುಡುಗುಮಳೆಯಲ್ಲಿ ನೆನೆದರೂ ಹರಿದುಹೋಗದೆಂದು, ಕಾಗದಕ್ಕೆ ಬದಲು ರೇಷ್ಮೆಯ ಪಟವನ್ನು ಸೂಚಿಸಿದನು. ನೆನೆದ ದಾರದಲ್ಲಿ ವಿದ್ಯುತ್ತು ಸರಾಗವಾಗಿ ಇಳಿಯುವುದೆಂದೂ ಅಲ್ಲಿಯೇ ಹೇಳಿರುವನು. ಆದುದರಿಂದ ಕೈಹಿಡಿಯ ರೇಷ್ಮೆಪಟ್ಟಿ ತೋಯದಂತೆ ಬಾಗಿಲೊಳಗೆ ನಿಲ್ಲಬೇಕೆಂದನು. ಹೊಲದ ನಡುವಿನ ಹುಡುಗನಿಗೆ ಆ ಬಾಗಿಲಿಲ್ಲ. ತಲೆಯ ಮೇಲೆ ವಿದ್ಯುತ್ ತಂತಿಗಳೂ ಈಗ ಹಾದುಹೋಗಿವೆ.