ಮುಡಿಪಿನ ನಿಧಿಯೂ ಆಯವ್ಯಯದ ಕೊರತೆಯೂ: ಸಫೊಕ್ ಕೌಂಟಿಯ ನಿದರ್ಶನ

ಕನ್ನಡ ನಾಡಿನ ದಾನಶಾಸನಗಳ ಕೊನೆಯಲ್ಲಿ ದತ್ತಿಯನ್ನು ಅಪಹರಿಸಿದವರಿಗೆ ಘೋರ ಪಾಪವನ್ನು ಸಾರುವ ಶಾಪವಾಕ್ಯಗಳು ಬರುವುದು ಶಾಸನಾಭ್ಯಾಸಿಗಳು ಬಲ್ಲ ಸಂಗತಿ. ದತ್ತಿಗೆ ಕಳ್ಳಕಾಕರಿಗಿಂತ ಮುಂದೆ ಬರುವ ಆಳರಸರಿಂದಲೇ ಹೆಚ್ಚು ಭಯವೆಂಬ ಅನುಭವ ಆ ವಾಕ್ಯಗಳ ಹಿಂದೆ ಇರುವಂತಿದೆ. ಪ್ರಜೆಗಳೇ ದಾನಿಗಳಾಗಿ, ಅವರು ಚುನಾಯಿಸಿದ ಸಭೆಯೇ ದತ್ತಿಯ ಪಾಲಕನಾದಾಗ ಈ ಭಯವು ಯಾವ ರೂಪವನ್ನು ತಾಳುತ್ತದೆ ಎಂಬುದಕ್ಕೆ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸಫೊಕ್ ಕೌಂಟಿಯ ಇತಿಹಾಸ ಒಳ್ಳೆಯ ನಿದರ್ಶನ.

ಲಾಂಗ್ ಐಲೆಂಡ್ ದ್ವೀಪದ ಪೂರ್ವಭಾಗವೇ ಸಫೊಕ್. ಕೌಂಟಿಯೆಂದರೆ ಸ್ಥೂಲವಾಗಿ ನಮ್ಮ ಜಿಲ್ಲೆಯಂಥ ಘಟಕ; ಆದರೆ ಅದಕ್ಕೆ ಚುನಾಯಿತ ಶಾಸನಸಭೆಯೂ ಚುನಾಯಿತ ಆಡಳಿತಾಧಿಕಾರಿಯೂ ತನ್ನದೇ ಆದ ಸನ್ನದೂ ಉಂಟು. ಅಲ್ಲಿಯ ಸುಮಾರು 15 ಲಕ್ಷ ಜನರ ಕುಡಿಯುವ ನೀರೆಲ್ಲ ಕಾಲಡಿಯ ಅಂತರ್ಜಲದಿಂದಲೇ ಬರತಕ್ಕದ್ದು. ದ್ವೀಪಕ್ಕೆ ಇದೊಂದೇ ಜಲಮೂಲವೆಂದು ಕೇಂದ್ರ ಸರಕಾರವು 1978ರಲ್ಲಿ ವಿಧಿವತ್ತಾಗಿ ಘೋಷಿಸಿತು. ‘ಪೈನ್ ಬ್ಯಾರನ್ಸ್’ ಎಂಬ ಕುರುಚಲು ಪೈನ್ ಕಾಡಿನ ಮರಳುನೆಲದಲ್ಲಿ ಬಿದ್ದ ಮಳೆ ನೇರವಾಗಿ ಇಂಗಿ ಈ ಜಲಾಶಯವನ್ನು ಸೇರುತ್ತದೆ. ಕೌಂಟಿಯ ಬಹುಪಾಲು ಮನೆಗಳಿಗೆ ಒಳಚರಂಡಿಯಿಲ್ಲ, ಮಲಗುಂಡಿಗಳೇ ಗತಿ. ಆದುದರಿಂದ ಕಾಡು ಬಡಾವಣೆಯಾದಷ್ಟೂ ನೀರು ಕೆಡುವುದು ಅನಿವಾರ್ಯ. ಅಲ್ಲಿ ನೆಲದ ರಕ್ಷಣೆಯೆಂದರೆ ನೀರಿನ ರಕ್ಷಣೆಯೇ ಸರಿ.

ಇದನ್ನು ಅರಿತ ಮತದಾರರು 1987ರ ಜನಮತಗಣನೆಯಲ್ಲಿ ತಮ್ಮ ಮೇಲೆ ತಾವೇ ಒಂದು ತೆರಿಗೆಯನ್ನು ಹಾಕಿಕೊಂಡರು: ಮಾರಾಟದ ಮೇಲೆ ಶೇಕಡ ಕಾಲು, ಅಂದರೆ 100 ಡಾಲರಿನ ಖರೀದಿಗೆ 25 ಸೆಂಟು. ಆ ಹಣ ಕುಡಿಯುವ ನೀರಿನ ರಕ್ಷಣೆಗೆ, ಅದರ ಸಲುವಾಗಿ ಭೂಮಿಯನ್ನು ಕೊಂಡು ಹಾಗೆಯೇ ಉಳಿಸುವುದಕ್ಕೆ ಮುಡಿಪಾಯಿತು. 1993ರಲ್ಲಿ ರಾಜ್ಯವು ಪೈನ್ ಬ್ಯಾರನ್ಸ್ ಸಂರಕ್ಷಣಾ ಶಾಸನವನ್ನು ಮಾಡಿ ಸುಮಾರು 1 ಲಕ್ಷ ಎಕರೆಗಳನ್ನು ಅದರ ವ್ಯಾಪ್ತಿಗೆ ತಂದಿತು. 2007ರಲ್ಲಿ ಮತದಾರರು ತೆರಿಗೆಯನ್ನು 2030ರ ವರೆಗೆ ಮುಂದುವರಿಸಿದರು. ಆಗಿನ ಹಂಚಿಕೆ ಹೀಗಿತ್ತು: ಭೂಮಿಯ ಖರೀದಿಗೆ ಶೇಕಡ 31.10, ಜಲಗುಣ ರಕ್ಷಣೆಗೆ 11.75, ಆಸ್ತಿತೆರಿಗೆಯ ಹೊರೆ ಇಳಿಸಲು 32.15, ಒಳಚರಂಡಿ ದರಗಳು ಒಮ್ಮೆಲೇ ಏರದಂತೆ ತಡೆಯುವ ನಿಧಿಗೆ 25.

ಈ ಕೊನೆಯ ಪಾಲು ವೆಚ್ಚವಾಗದೆ ವರ್ಷವರ್ಷವೂ ಬೆಳೆಯುವ ಸ್ವಭಾವದ್ದು. 2008ರ ಆರ್ಥಿಕ ಕುಸಿತದ ತರುವಾಯ ಕೌಂಟಿಯ ಆಯವ್ಯಯದಲ್ಲಿ ದೊಡ್ಡ ಕೊರತೆ ಕಾಣಿಸಿಕೊಂಡಾಗ ಅಧಿಕಾರಿಗಳ ದೃಷ್ಟಿ ಈ ಶಿಲ್ಕಿನ ಮೇಲೆ ಬಿದ್ದಿತು. 2011ರಲ್ಲಿ ಶಾಸನಸಭೆಯು 14 ಕೋಟಿ ಡಾಲರಿನ ಮಿತಿಯನ್ನು ಗೊತ್ತುಮಾಡಿ, ಅದಕ್ಕೆ ಮೀರಿದ್ದನ್ನು ‘ಹೆಚ್ಚುವರಿ’ ಎಂದು ಕರೆದು, ಮತದಾರರನ್ನು ಕೇಳದೆಯೇ 2 ಕೋಟಿ 94 ಲಕ್ಷ ಡಾಲರುಗಳನ್ನು ಬೇರೆಡೆಗೆ ತಿರುಗಿಸಿತು. ಲಾಂಗ್ ಐಲೆಂಡ್ ಪೈನ್ ಬ್ಯಾರನ್ಸ್ ಸೊಸೈಟಿಯು ನ್ಯಾಯಾಲಯದ ಮೊರೆಹೊಕ್ಕಿತು. ತೆಗೆದದ್ದು ಭೂಮಿಯ ಪಾಲಲ್ಲ, ನಿಜ. ಆದರೆ ನಾಲ್ಕು ಪಾಲುಗಳಿಗೂ ಆಧಾರ ಒಂದೇ ಒಡಂಬಡಿಕೆ. ಒಂದು ಪಾಲಿನ ಬೀಗ ಸಭೆಯ ಕೈಗೆ ಸಿಕ್ಕರೆ ಉಳಿದವು ಭದ್ರವೆಂದು ಹೇಳುವಂತಿಲ್ಲ. ಜನಮತದಿಂದ ಆದುದನ್ನು ಜನಮತವಿಲ್ಲದೆ ಬದಲಿಸಲಾಗದೆಂಬ ತತ್ತ್ವವನ್ನು ನ್ಯಾಯಾಲಯವು ವರ್ಷಗಳ ವ್ಯಾಜ್ಯದ ಬಳಿಕ ಎತ್ತಿಹಿಡಿಯಿತು.

ವ್ಯಾಜ್ಯ ನಡೆಯುತ್ತಿದ್ದಾಗಲೇ ಕೊರತೆ ಮತ್ತೆ ಬಾಗಿಲು ತಟ್ಟಿತು. 2012ರಲ್ಲಿ ಕೌಂಟಿಯು ಹಣಕಾಸಿನ ತುರ್ತುಪರಿಸ್ಥಿತಿಯನ್ನೇ ಸಾರಿತ್ತು. 2014ರ ಆಯವ್ಯಯಕ್ಕಾಗಿ ಅದೇ ನಿಧಿಯಿಂದ 3 ಕೋಟಿ 28 ಲಕ್ಷ ಡಾಲರುಗಳನ್ನು ಪಡೆಯಲು ಮುಂದಾದಾಗ ಮತ್ತೆ ವಿವಾದವೆದ್ದು, ಕಡೆಗೆ ರಾಜಿಯಾಗಿ, ವಿಷಯ ಮತದಾರರ ಮುಂದೆ ಬಂದಿತು. 2017ರ ವರೆಗೆ ಕೌಂಟಿಯು ನಿಧಿಯಿಂದ ಸಾಲ ಪಡೆಯಬಹುದು, 2029ರೊಳಗೆ ತೀರಿಸತಕ್ಕದ್ದು ಎಂಬ ಏರ್ಪಾಡಿಗೆ 2014ರ ನವೆಂಬರಿನಲ್ಲಿ ಅವರು ಒಪ್ಪಿಗೆಯಿತ್ತರು. ಹಿಂದೆ ಬರಿಯ ವರ್ಗಾವಣೆಯಾಗಿದ್ದುದು ಈಗ ವಾಯಿದೆಯುಳ್ಳ ಸಾಲವಾಯಿತು.

ಆದರೆ ವಾಯಿದೆ ನಿಲ್ಲಲಿಲ್ಲ. ಸಾಂಕ್ರಾಮಿಕ ರೋಗದಿಂದ ವ್ಯಾಪಾರ ಕುಗ್ಗಿದ 2020ರಲ್ಲಿ ಕೌಂಟಿಯು ಮತ್ತೊಂದು ಪ್ರಶ್ನೆಯನ್ನು ಮತಪತ್ರದಲ್ಲಿ ಇಟ್ಟಿತು: ನಿಧಿಯ ‘ಹೆಚ್ಚುವರಿ’ ಹಣವನ್ನು ತೆರಿಗೆದಾರರ ವಿಶ್ವಸ್ತ ನಿಧಿಗೆ ಸಾಗಿಸಬಹುದೆ, ಸಾಮಾನ್ಯ ನಿಧಿಯಿಂದ ಒಳಚರಂಡಿ ನಿಧಿಗೆ ಆಗಬೇಕಾದ ವರ್ಗಾವಣೆಗಳ ನಿಬಂಧನೆಯನ್ನು ತೆಗೆದುಹಾಕಬಹುದೆ? ಈ ನಯವಾದ ಮಾತುಗಳ ಅರ್ಥ, 14 ಕೋಟಿ ಡಾಲರಿಗೂ ಮೀರಿದ ಸಾಲವನ್ನು ಮನ್ನಾ ಮಾಡುವುದು ಎಂದೇ ಆಗಿತ್ತು. ‘ಸಾಲ’ ಎಂಬ ಶಬ್ದವೂ ಮೊತ್ತವೂ ಆ ಪ್ರಶ್ನೆಯಲ್ಲಿ ಕಾಣಲಿಲ್ಲ. ಸಂರಕ್ಷಣಾವಾದಿಗಳು ವಿರೋಧಿಸಿದರೂ ಪ್ರಸ್ತಾಪ ಗೆದ್ದಿತು.

ಈ ಮೂರು ಘಟ್ಟಗಳನ್ನು ಒಟ್ಟಿಗೆ ನೋಡಿದರೆ ಒಂದು ತಥ್ಯ ಸ್ಪಷ್ಟವಾಗುತ್ತದೆ. 2011ರಲ್ಲಿ ಧಣಿಯನ್ನು ಕೇಳಲಿಲ್ಲ, ನ್ಯಾಯಾಲಯ ತಡೆಯಿತು. 2014ರಲ್ಲಿ ಕೇಳಿ ಕಡ ಪಡೆದರು. 2020ರಲ್ಲಿಯೂ ಕೇಳಿದರು, ಆದರೆ ಏನನ್ನು ಕೇಳುತ್ತಿದ್ದೇವೆಂಬುದನ್ನು ಬಿಡಿಸಿ ಹೇಳಲಿಲ್ಲ. ಸನ್ನದಿನ ಬಲ ಪ್ರಜೆಯ ಸಮ್ಮತಿಯಲ್ಲಿದೆ. ಆ ಸಮ್ಮತಿಯ ಬಲ ಪ್ರಶ್ನೆಯ ಸ್ಪಷ್ಟತೆಯಲ್ಲಿದೆ. ಮುಡಿಪಿನ ನಿಧಿಯಲ್ಲಿ ಕಾಣುವ ಶಿಲ್ಕು ಅನಾವಶ್ಯಕವಾಗಿ ಬಿದ್ದ ಹಣವಲ್ಲ, ಮುಂದಿನ ತಲೆಮಾರಿಗೆ ಸಲ್ಲಬೇಕಾದ ಬಾಕಿ ಎಂಬುದನ್ನು ಲೆಕ್ಕದ ಪುಸ್ತಕ ತಾನಾಗಿ ಹೇಳುವುದಿಲ್ಲ, ಹೇಳಬೇಕಾದವರು ಪಾಲಕರು.

ಇಷ್ಟಾದರೂ ಸಫೊಕ್‌ನ ಜನ ನಂಬಿಕೆಯನ್ನು ಕಳೆದುಕೊಳ್ಳಲಿಲ್ಲವೆಂಬುದು ಗಮನಾರ್ಹ. 2024ರ ನವೆಂಬರಿನಲ್ಲಿ ಅವರು ಹಳೆಯ ತೆರಿಗೆಯನ್ನು 2060ರ ವರೆಗೆ ಮುಂದುವರಿಸಿ, ಜಲರಕ್ಷಣೆಗಾಗಿಯೇ ಶೇಕಡ ಎಂಟನೆಯ ಒಂದು ಪಾಲಿನ ಹೊಸ ತೆರಿಗೆಯನ್ನೂ ತಮ್ಮ ಮೇಲೆ ಹೊತ್ತುಕೊಂಡರು. ದಾನಿಗಳು ಎರಡನೆಯ ಬಾರಿ ಕೈ ಬಿಚ್ಚಿದ್ದಾರೆ. ಪಾಲಕರ ಪರೀಕ್ಷೆ ಮುಂದಿನ ಕೊರತೆಯ ವರ್ಷದಲ್ಲಿ ನಡೆಯಲಿದೆ.