ಇ.ಬಿ. ಅಂದ್ರೆ ಯಾರ ಹೆಸರು?

ಪೋಸ್ಟ್ ಸ್ವಲ್ಪ ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ.

ಹರ್ಪಿಸ್ ಅಂದ ತಕ್ಷಣ ನಮ್ಮ ಜನ 'ಕೆಟ್ಟ ಕಾಯಿಲೆ' ಅಂತ ಮುಖ ತಿರುಗಿಸ್ತಾರೆ. ಆದ್ರೆ ಅದು ಒಂದೇ ವೈರಸ್ ಅಲ್ಲ, ದೊಡ್ಡ ಕುಟುಂಬ. ಮನುಷ್ಯರಿಗೆ ಅಂಟುವಂಥವೇ ಎಂಟೊಂಬತ್ತು ಬಗೆ ಇವೆ. ಚಿಕ್ಕಂದಿನಲ್ಲಿ 'ಅಮ್ಮ' ಬಂದಳು ಅಂತ ಬೇವಿನ ಸೊಪ್ಪಿನ ಮೇಲೆ ಮಲಗಿಸಿದ ಸೀತಾಳೆ ಸಿಡುಬು, ವಯಸ್ಸಾದ ಮೇಲೆ ಸೊಂಟ ಸುತ್ತುವ ಸರ್ಪಸುತ್ತು, ಎರಡೂ ಈ ಕುಟುಂಬದ ಒಂದೇ ವೈರಸ್ಸಿನ ಕೆಲಸ. ನಾಗದೋಷವೂ ಅಲ್ಲ, ಯಾವ ದೋಷವೂ ಅಲ್ಲ. ಒಮ್ಮೆ ಒಳಗೆ ಬಂದರೆ ಈ ವೈರಸ್‌ಗಳು ಸಾಯೋವರೆಗೂ ಮೈಯಲ್ಲೇ ಅಡಗಿ ಕೂತಿರ್ತವೆ.

ನಾನು ಹೇಳಬೇಕಂತಿರೋದು ಇದೇ ಕುಟುಂಬದ ಎಪ್‌ಸ್ಟೀನ್-ಬಾರ್ ವೈರಸ್ ಬಗ್ಗೆ. ಜಗತ್ತಿನ ವಯಸ್ಕರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಜನರಲ್ಲಿ ಇದೆ. ಬಹುಪಾಲು ಜನಕ್ಕೆ ಏನೂ ಮಾಡಲ್ಲ.

1957. ಉಗಾಂಡ ಆಗಿನ್ನೂ ಬ್ರಿಟಿಷರ ಕೈಯಲ್ಲಿತ್ತು. ಕಂಪಾಲದ ಮುಲಾಗೋ ಆಸ್ಪತ್ರೆಯಲ್ಲಿ ಡೆನಿಸ್ ಬರ್ಕಿಟ್ ಅನ್ನೋ ಐರಿಷ್ ಸರ್ಜನ್‌ಗೆ ಐದು ವರ್ಷದ ಹುಡುಗನೊಬ್ಬನನ್ನು ತೋರಿಸಿದರು. ದವಡೆಯಲ್ಲಿ ಎಡಕ್ಕೂ ಬಲಕ್ಕೂ, ಮೇಲೂ ಕೆಳಗೂ ಗೆಡ್ಡೆ. ಕೆಲವು ವಾರದಲ್ಲಿ ಜಿಂಜಾ ಊರಿನ ಆಸ್ಪತ್ರೆಯ ಹೊರಗೆ ಹುಲ್ಲಿನ ಮೇಲೆ ತಾಯಿ ಜೊತೆ ಕೂತಿದ್ದ ಇನ್ನೊಂದು ಮಗುವಿನಲ್ಲೂ ಅದೇ ಗೆಡ್ಡೆ ಕಂಡರು. ಹಳೇ ದಾಖಲೆ ತೆಗೆಸಿ ನೋಡಿದರೆ ಇಂಥ ಮಕ್ಕಳು ಬೇಕಾದಷ್ಟು ಇದ್ದರು.

ಬರ್ಕಿಟ್ ಬಗ್ಗೆ ನನಗೆ ಗೌರವ ಇದೆ. ಚಿಕ್ಕಂದಿನಲ್ಲೇ ಒಂದು ಕಣ್ಣು ಕಳಕೊಂಡ ಮನುಷ್ಯ. 1961ರಲ್ಲಿ ಇಬ್ಬರು ಗೆಳೆಯರ ಜೊತೆ ಹಳೇ ಕಾರಿನಲ್ಲಿ ಹತ್ತು ವಾರ, ಹತ್ತು ಸಾವಿರ ಮೈಲಿ ಸುತ್ತಿ ಈ ಕ್ಯಾನ್ಸರ್ ಎಲ್ಲೆಲ್ಲಿದೆ ಅಂತ ಹುಡುಕಿದರು. ಸಿಕ್ಕಿದ್ದು ಬಿಸಿಲೂ ಮಳೆಯೂ ಹೆಚ್ಚಿರುವ, ಮಲೇರಿಯಾ ಕಾಡುವ ಕಡೆಗಳಲ್ಲೇ. ಕ್ಯಾನ್ಸರಿಗೆ ಅವರದೇ ಹೆಸರು ಬಂತು, ಬರ್ಕಿಟ್ ಲಿಂಫೋಮಾ.

ಅದೇ ವರ್ಷ ಲಂಡನ್ನಿನಲ್ಲಿ ಅವರ ಭಾಷಣ ಕೇಳಿದ ಆಂಟನಿ ಎಪ್‌ಸ್ಟೀನ್, ಇದರ ಹಿಂದೆ ವೈರಸ್ ಇರಬೇಕು ಅಂದ್ಕೊಂಡರು. ಕಂಪಾಲದಿಂದ ವಿಮಾನದಲ್ಲಿ ಮಕ್ಕಳ ಗೆಡ್ಡೆಯ ತುಣುಕು ತರಿಸಿದರು. ಎರಡು ವರ್ಷ ಏನೂ ಸಿಗಲಿಲ್ಲ. 1963ರ ಡಿಸೆಂಬರ್‌ನಲ್ಲಿ ಮಂಜು ಕವಿದು ವಿಮಾನ ಮ್ಯಾಂಚೆಸ್ಟರ್‌ಗೆ ಹೋಯ್ತು. ತಡವಾಗಿ ಕೈಸೇರಿದ ತುಣುಕಿನ ದ್ರವ ಕದಡಿತ್ತು. ಕೊಳೆತಿದೆ ಅಂತ ಬಿಸಾಡಬಹುದಿತ್ತು. ನೋಡಿದರೆ ಜೀವಂತ ಕ್ಯಾನ್ಸರ್ ಕೋಶಗಳು ತೇಲ್ತಾ ಇದ್ದವು! ಇವಾನ್ ಬಾರ್ ಅನ್ನೋ ಹೆಣ್ಣುಮಗಳ ಜೊತೆ ಸೇರಿ ಅವನ್ನು ಬೆಳೆಸಿದರು. 1964ರಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ವೈರಸ್ ಕಂಡಿತು.

ಮಾರ್ಚ್ 28ರ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಲೇಖನದ ಮೇಲೆ ಮೂರು ಹೆಸರಿವೆ. ಎಪ್‌ಸ್ಟೀನ್, ಅಚಾಂಗ್, ಬಾರ್. ಬರ್ಟ್ ಅಚಾಂಗ್ ಟ್ರಿನಿಡಾಡ್‌ನಲ್ಲಿ ಹುಟ್ಟಿದವರು, ಚೀನಿ ಮೂಲದವರು, ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಕೆಲಸದವರು. ವೈರಸ್ಸಿನ ಹೆಸರಲ್ಲಿ ಮೊದಲನೆಯವರೂ ಮೂರನೆಯವರೂ ಉಳಿದರು, ನಡುವಿನವರು ಬಿದ್ದುಹೋದರು. ಯಾಕೆ ಅಂದರೆ, ಬೆಳೆಸಿದ ಕೋಶಗಳಿಗೆ ಎಪ್‌ಸ್ಟೀನ್, ಬಾರ್ ಅವರ ಮೊದಲಕ್ಷರ ಸೇರಿಸಿ 'ಇ.ಬಿ.' ಅಂತ ಹೆಸರಿಟ್ಟಿದ್ದರು, ವೈರಸ್ಸಿಗೂ ಅದೇ ಅಂಟಿತು. ಸರಿ, ಒಪ್ಪೋಣ. ಆದರೆ ಆ ಕೋಶ ಎಪ್‌ಸ್ಟೀನ್ ಮೈಯದೂ ಅಲ್ಲ, ಬಾರ್ ಮೈಯದೂ ಅಲ್ಲ. ಉಗಾಂಡದ ಮಗುವಿನದು. ಅಮೆರಿಕದ ಕಪ್ಪು ಹೆಣ್ಣುಮಗಳು ಹೆನ್ರಿಯೆಟ್ಟಾ ಲ್ಯಾಕ್ಸ್‌ರನ್ನು 1951ರಲ್ಲಿ ಕೇಳದೇ ತೆಗೆದ ಕೋಶಕ್ಕಾದರೂ ಅವರ ಹೆಸರಿನ ಅಕ್ಷರ ಸೇರಿಸಿ 'ಹೀಲಾ' ಅಂದರು. ಈ ಮಗುವಿಗೆ ಅಷ್ಟೂ ಇಲ್ಲ. ನಾನು ಗುಮಾಸ್ತ. ಟಿಪ್ಪಣಿ ಬರೆದವರು ಯಾರು, ಕೆಳಗೆ ಸಹಿ ಯಾರದು ಅನ್ನೋದು ದಿನಾ ನೋಡೋನು, ಅದಕ್ಕೇ ನನ್ನ ಕಣ್ಣು ಅಲ್ಲೇ ನಿಂತಿತು.

ಇನ್ನೊಂದು ಮಾತು. ಇದೇ ವೈರಸ್ ಶ್ರೀಮಂತ ದೇಶಗಳಲ್ಲಿ ಹರೆಯದ ಹುಡುಗರಿಗೆ ಗಂಟಲುನೋವು, ಜ್ವರ, ಸುಸ್ತು ತರುತ್ತೆ. ಮುತ್ತಿನ ಕಾಯಿಲೆ ಅಂತ ತಮಾಷೆ ಮಾಡ್ತಾರೆ. ಆಫ್ರಿಕಾದ ಮಲೇರಿಯಾ ಸೀಮೆಯಲ್ಲಿ, ಪದೇ ಪದೇ ಮಲೇರಿಯಾ ಬಂದು ಮೈಯ ರಕ್ಷಣೆ ಕುಸಿದ ಮಕ್ಕಳಿಗೆ ಕ್ಯಾನ್ಸರ್ ಆಗುತ್ತೆ. ವೈರಸ್ ಒಂದೇ, ಸೊಳ್ಳೆಪರದೆ ಇದೆಯಾ, ಔಷಧಿ ಇದೆಯಾ ಅನ್ನೋದು ಬೇರೆ.

2022ರಲ್ಲಿ ಅಮೆರಿಕದ ಸೈನಿಕರ ರಕ್ತ ಪರೀಕ್ಷಿಸಿ, ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನೋ ನರದ ಕಾಯಿಲೆಗೂ ಇದೇ ವೈರಸ್ ಮುಖ್ಯ ಕಾರಣ ಅಂತ ತೋರಿಸಿದರು. ಆಮೇಲೆ ಲಸಿಕೆ ಮಾತಿಗೆ ಜೋರು ಬಂದಿದೆ. ಪ್ರಯೋಗಗಳೂ ಶುರುವಾಗಿವೆ. ಲಸಿಕೆ ಬಂದಾಗ ಮೊದಲ ಪೆಟ್ಟಿಗೆ ಬಾಸ್ಟನ್ನಿಗೆ ಹೋಗುತ್ತೋ ಕಂಪಾಲಕ್ಕೆ ಹೋಗುತ್ತೋ, ನೋಡ್ತಾ ಇರಿ.